ಪುಡಿಹಿಮಕ್ಕೂ ಗಟ್ಟಿಹಿಮಕ್ಕೂ ಒಂದೇ ಬೋರ್ಡು: ಗುಲ್ಮಾರ್ಗ್‌ಗೆ ಹೊರಟ ಬಯಲುಸೀಮೆಯವರಿಗೆ

ಕೋಲಾರ, ತುಮಕೂರು ಕಡೆ ಹಿಮ ಅಂದರೆ ಫ್ರೀಜರಿನ ಗೋಡೆಗೆ ಕಟ್ಟಿಕೊಳ್ಳುವುದು ಅಷ್ಟೇ. ಆದರೂ ದೇವನಹಳ್ಳಿಯ ವಿಮಾನ ನಿಲ್ದಾಣ ಚಿಕ್ಕಬಳ್ಳಾಪುರದವರಿಗೆ ಮಗ್ಗುಲಲ್ಲೇ ಇದೆ. ಬೆಳಗ್ಗೆ ಹೊರಟರೆ ಸಂಜೆಗೆ ಕಾಶ್ಮೀರದ ಗುಲ್ಮಾರ್ಗ್ ಮುಟ್ಟಬಹುದು. ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದು ಹಿಮದ ಮೇಲೆ ಅಡ್ಡನಿಂತು ಜಾರುವ ಸ್ನೋಬೋರ್ಡನ್ನು ಎರಡು ಚಳಿಗಾಲ ಬಾಡಿಗೆಗೆ ಪಡೆದು ಬಿದ್ದೆದ್ದು ಕಲಿತವರು ಮೂರನೆಯ ಸಲ ಸ್ವಂತದ್ದು ಕೊಳ್ಳಲು ಹೊರಡುತ್ತಾರೆ. ಆಗ ಎದುರಾಗುವ ಪ್ರಶ್ನೆ ಇದು: ಮೊಣಕಾಲುದ್ದದ ಹೊಸ ಹಿಮದಲ್ಲಿ ತೇಲಬೇಕು, ಮಾರನೆಯ ದಿನ ಗಟ್ಟಿಯಾದ ಇಳಿಜಾರಿನಲ್ಲಿ ಅಂಚು ಕಚ್ಚಿಸಿ ಗೆರೆ ಎಳೆದಂತೆ ತಿರುಗಲೂಬೇಕು. ಎರಡು ಬೋರ್ಡಿಗೆ ದುಡ್ಡಿಲ್ಲ, ಇದ್ದರೂ ಹೊತ್ತುಕೊಂಡು ಹೋಗುವವರು ಯಾರು?

ಒಂದರಲ್ಲೇ ಎರಡೂ ಆಗುತ್ತದೆ. ಆದರೆ ಎಲ್ಲ ಬಗೆಯ ಹಿಮಕ್ಕೂ ಆಗುತ್ತದೆ ಎಂದು ಅಂಗಡಿಯವರು "ಆಲ್ ಮೌಂಟನ್" ಎಂದು ಕರೆಯುವ ಬೋರ್ಡುಗಳೆಲ್ಲ ಅದನ್ನು ಮಾಡುವುದಿಲ್ಲ.

ಹಿಟ್ಟು ಮತ್ತು ಮುದ್ದೆ

ಹೊಸದಾಗಿ ಬಿದ್ದ ಒಣ ಹಿಮ ರಾಗಿ ಹಿಟ್ಟಿನ ರಾಶಿ ಇದ್ದ ಹಾಗೆ. ಅದರ ಮೇಲೆ ಚಮಚವನ್ನು ಮಲಗಿಸಿಟ್ಟರೆ ನಿಲ್ಲುತ್ತದೆ, ತುದಿ ಕೆಳಗೆ ಮಾಡಿ ಬಿಟ್ಟರೆ ಮುಳುಗುತ್ತದೆ. ಅಂಥ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕೆಜಿ ತೂಗಿದರೆ ಹೆಚ್ಚು. ಯಂತ್ರ ಓಡಿಸಿ ಒತ್ತಿದ ಹಿಮ 400 ಕೆಜಿ ದಾಟುತ್ತದೆ. ಅದು ತಟ್ಟೆಯಲ್ಲಿ ಆರಿ ತಣ್ಣಗಾದ ಮುದ್ದೆ, ಬೆರಳಿಗೆ ಬಗ್ಗುವುದಿಲ್ಲ, ಅಂಚು ಹಾಕಿ ಕೊಯ್ಯಬೇಕು.

ಹಿಟ್ಟಿನಲ್ಲಿ ಬೋರ್ಡಿನ ತಳದ ವಿಸ್ತೀರ್ಣ ಕೆಲಸ ಮಾಡುತ್ತದೆ. ಮೂತಿ, ಅಂದರೆ ಮುಂತುದಿ, ಮೇಲೆದ್ದಿರಬೇಕು, ಬಾಲ, ಅಂದರೆ ಹಿಂತುದಿ, ಸ್ವಲ್ಪ ತಗ್ಗಬೇಕು. ಮುದ್ದೆಯಲ್ಲಿ ತಳಕ್ಕೆ ಕೆಲಸವೇ ಇಲ್ಲ. ಎರಡು ಮಿಲಿಮೀಟರ್ ದಪ್ಪದ ಉಕ್ಕಿನ ಅಂಚು ಎಷ್ಟು ಉದ್ದ ಹಿಮಕ್ಕೆ ತಾಗಿದೆ, ಎಷ್ಟು ಒತ್ತಡದಲ್ಲಿ ತಾಗಿದೆ ಎಂಬುದೇ ಲೆಕ್ಕ. ಮೂತಿ ಎತ್ತಿದಷ್ಟೂ ತಾಗುವ ಅಂಚು ಕಡಿಮೆಯಾಗುತ್ತದೆ. ಜಗಳ ಇರುವುದು ಇಲ್ಲಿ.

ಗುಲ್ಮಾರ್ಗ್‌ಗೆ ಹೋಗುವವರು ಮಾಡುವ ದೊಡ್ಡ ತಪ್ಪೂ ಇಲ್ಲೇ ಶುರುವಾಗುತ್ತದೆ. ಪುಡಿಹಿಮದ ಚಿತ್ರಗಳನ್ನು ನೋಡಿ ನೋಡಿ ಅಪ್ಪಟ ಪೌಡರ್ ಬೋರ್ಡು ತಂದುಬಿಡುತ್ತಾರೆ. ಹಿಮ ಅಲ್ಲಿ ದಿನಾ ಬೀಳುವುದಿಲ್ಲ. ಪಶ್ಚಿಮದಿಂದ ಬರುವ ಹವಾಮಾನದ ಅಲೆಯೊಂದು ಹಾದುಹೋದಾಗ ಸುರಿಯುತ್ತದೆ, ಆಮೇಲೆ ಆಕಾಶ ತಿಳಿಯಾಗುತ್ತದೆ. ಗೊಂಡೋಲಾದ, ಅಂದರೆ ತಂತಿಯ ಮೇಲೆ ಸಾಗುವ ಕೇಬಲ್ ಕಾರಿನ ಎರಡನೇ ಹಂತ ಅಫರ್ವತ್ ಬೆಟ್ಟದ ಹೆಗಲಿನ ತನಕ, ಸುಮಾರು 3,950 ಮೀಟರಿಗೆ ಒಯ್ಯುತ್ತದೆ. ಅಷ್ಟೆತ್ತರದಲ್ಲಿ ಗಾಳಿ ಹಿಮವನ್ನು ಹೆರೆದು ಗಟ್ಟಿ ಮಾಡುತ್ತದೆ. ಸುಲಭವಾಗಿ ತಲುಪುವ ಜಾಗಗಳು ಒಂದೆರಡು ದಿನಕ್ಕೇ ಗೆರೆ ಗೆರೆಯಾಗುತ್ತವೆ. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನ ಮರಗಳ ನಡುವೆ ಮಾತ್ರ ಪುಡಿ ಇನ್ನೂ ಉಳಿದಿರುತ್ತದೆ. ವಾರದ ಪ್ರವಾಸದಲ್ಲಿ ಎರಡು ದಿನ ಹಿಟ್ಟು ಸಿಕ್ಕರೆ ಉಳಿದ ದಿನ ಮುದ್ದೆಯೇ. ಆದ್ದರಿಂದ ನಮ್ಮ ಸಲಹೆ: ಗಟ್ಟಿಹಿಮಕ್ಕೆ ಬೋರ್ಡು ಆರಿಸಿ, ಅದರಲ್ಲಿ ಪುಡಿಗೆ ಬೇಕಾದ ಗುಣ ಎಷ್ಟಿದೆ ನೋಡಿ. ತಿರುಗಾಮುರುಗಾ ಮಾಡಬೇಡಿ.

ಬಾಗು: ದಿನಪತ್ರಿಕೆಯ ಪರೀಕ್ಷೆ

ಬೋರ್ಡನ್ನು ಪಕ್ಕದಿಂದ ನೋಡಿದಾಗ ಕಾಣುವ ಬಾಗು ಎಲ್ಲಕ್ಕಿಂತ ಮುಖ್ಯ. ಕಾಲಡಿಯ ಭಾಗ ಕಮಾನಿನಂತೆ ನೆಲದಿಂದ ಮೇಲೆದ್ದಿದ್ದರೆ ಅದು ಕ್ಯಾಂಬರ್. ನಡು ನೆಲಕ್ಕೆ ತಾಗಿ ಎರಡೂ ತುದಿ ದೋಣಿಯಂತೆ ಎದ್ದಿದ್ದರೆ ರಾಕರ್. ಕ್ಯಾಂಬರ್ ಮೇಲೆ ನಿಂತು ಓರೆ ಮಾಡಿದಾಗ ಕಮಾನು ಒತ್ತಿಕೊಂಡು, ನಮ್ಮ ಭಾರವನ್ನು ಅಂಚಿನ ಉದ್ದಕ್ಕೂ ಹಂಚುತ್ತದೆ. ಗಟ್ಟಿಹಿಮ ಕಚ್ಚುವುದು ಈ ಕಾರಣಕ್ಕೆ. ರಾಕರ್ ಪುಡಿಯಲ್ಲಿ ತಾನಾಗಿ ತೇಲುತ್ತದೆ, ಆದರೆ ಗಟ್ಟಿಹಿಮದಲ್ಲಿ ಭಾರವೆಲ್ಲ ನಡುವಿಗೆ ಬಿದ್ದು ಬುಗುರಿಯಂತೆ ತಿರುಗಲು ನೋಡುತ್ತದೆ.

ಎರಡಕ್ಕೂ ಬೇಕೆನ್ನುವವರು ಹುಡುಕಬೇಕಾದ್ದು ಮಿಶ್ರ ಬಾಗು: ಮುಂಗಾಲಿನ ಮುಂದೆ ರಾಕರ್, ಮುಂಗಾಲಿನಿಂದ ಬಾಲದ ತನಕ ಕ್ಯಾಂಬರ್. ಕಂಪನಿಗಳು ಇದಕ್ಕೆ ಒಂದೊಂದು ಹೆಸರಿಟ್ಟಿವೆ. ಹೆಸರು ಬಿಡಿ, ಬೋರ್ಡನ್ನು ಮನೆಯ ಗ್ರಾನೈಟ್ ನೆಲದ ಮೇಲೆ ಇಡಿ. ದಿನಪತ್ರಿಕೆಯ ಒಂದು ಹಾಳೆಯನ್ನು ಮೂತಿಯ ಕಡೆಯಿಂದ ಕೆಳಗೆ ತಳ್ಳಿ. ಅದು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಬಾಲದ ಕಡೆಯಿಂದಲೂ ಹಾಗೇ ಮಾಡಿ. ಆಮೇಲೆ ಪಕ್ಕದಿಂದ, ಬೂಟನ್ನು ಬೋರ್ಡಿಗೆ ಬಿಗಿಯುವ ಎರಡು ಬೈಂಡಿಂಗ್‌ಗಳ ಜಾಗಗಳ ನಡುವೆ ತಳ್ಳಿ ನೋಡಿ. ಅಲ್ಲಿ ಹಾಳೆ ಸರಾಗವಾಗಿ ಈ ಕಡೆಯಿಂದ ಆ ಕಡೆಗೆ ಹೋದರೆ ಕ್ಯಾಂಬರ್ ಇದೆ. ಮುಂದಿನ ಗುರುತು ಮುಂಗಾಲಿನ ಬೈಂಡಿಂಗ್ ಸ್ಕ್ರೂ ತೂತುಗಳಿಗೆ ಅಂಟಿಕೊಂಡಂತೆ ಬಿದ್ದಿದ್ದರೆ ರಾಕರ್ ಅತಿಯಾಯಿತು ಎಂದರ್ಥ, ಗಟ್ಟಿಹಿಮದಲ್ಲಿ ಮೂತಿ ಪಟಪಟ ಬಡಿಯುತ್ತದೆ. ತೂತುಗಳಿಂದ ಒಂದು ಗೇಣು ಮುಂದಿದ್ದರೆ ಸರಿ.

ಹಳೆಯ ಬೋರ್ಡಿಗೂ ಇದೇ ಪರೀಕ್ಷೆ. ಅಮೆರಿಕದಿಂದ ವಾಪಸಾದ ಐಟಿಯವರು ಬೆಂಗಳೂರಿನಲ್ಲಿ ಮಾರುವ ಬೋರ್ಡು ಅಗ್ಗಕ್ಕೆ ಸಿಗುತ್ತದೆ. ಆದರೆ ವರ್ಷಗಟ್ಟಲೆ ಓಡಿದ ಬೋರ್ಡಿನ ಕಮಾನು ಸತ್ತಿರುತ್ತದೆ. ಕ್ಯಾಂಬರ್ ಎಂದು ಬರೆದಿದ್ದರೂ ಹಾಳೆ ನಡುವೆ ಸಿಕ್ಕಿಕೊಂಡರೆ ಬಿಟ್ಟುಬಿಡಿ. ಬೆರಳ ಗಿಣ್ಣಿನಿಂದ ಮೇಲ್ಮೈಯನ್ನು ಉದ್ದಕ್ಕೂ ತಟ್ಟಿ ನೋಡಿ. ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆಯೇ. ಒಂದು ಕಡೆ ಸದ್ದು ಟೊಳ್ಳಾಗಿ ಕೇಳಿದರೆ ಒಳಗಿನ ಮರದ ಪದರ ಬಿಟ್ಟುಕೊಂಡಿದೆ.

ಟೇಪರ್, ಸೆಟ್‌ಬ್ಯಾಕ್, ಸೈಡ್‌ಕಟ್

ಮೂತಿಯ ಅಗಲದಿಂದ ಬಾಲದ ಅಗಲ ಕಳೆದರೆ ಬರುವುದು ಟೇಪರ್. ಬಾಲ ಕಿರಿದಾದಷ್ಟೂ ಪುಡಿಯಲ್ಲಿ ಬೇಗ ತಗ್ಗಿ ಮೂತಿಯನ್ನು ಎತ್ತುತ್ತದೆ. ಅಪ್ಪಟ ಪೌಡರ್ ಬೋರ್ಡುಗಳಲ್ಲಿ 20 ಮಿಮೀ, ಅದಕ್ಕೂ ಮೇಲೆ ಇರುತ್ತದೆ. ಗಟ್ಟಿಹಿಮದಲ್ಲಿ ಅಷ್ಟು ಟೇಪರ್ ಇದ್ದರೆ ತಿರುವಿನ ಕೊನೆಯಲ್ಲಿ ಬಾಲ ಹಿಡಿತ ಬಿಟ್ಟು ಜಾರುತ್ತದೆ. ಎರಡಕ್ಕೂ ಹೊಂದುವ ಅಳತೆ 5ರಿಂದ 12 ಮಿಮೀ.

ನಿಲ್ಲುವ ಜಾಗ ನಡುವಿಗಿಂತ ಎಷ್ಟು ಹಿಂದಿದೆ ಎಂಬುದು ಸೆಟ್‌ಬ್ಯಾಕ್. 15ರಿಂದ 25 ಮಿಮೀ ಸಾಕು. ಪುಡಿ ಬಿದ್ದ ದಿನ ಎರಡೂ ಬೈಂಡಿಂಗನ್ನು ಒಂದೊಂದು ತೂತು ಹಿಂದಕ್ಕೆ ಸರಿಸಿದರೆ ಇನ್ನೆರಡು ಸೆಂಟಿಮೀಟರ್ ಸಿಗುತ್ತದೆ, ಮಾರನೆಯ ದಿನ ವಾಪಸ್ ತರಬಹುದು. ಐದು ನಿಮಿಷದ ಕೆಲಸ, ಆದರೂ ಹೆಚ್ಚಿನವರು ಮಾಡುವುದಿಲ್ಲ. ಹಿಂಗಾಲಿನ ತೊಡೆ ಉರಿಯುತ್ತದೆ ಎಂದು ಬೋರ್ಡನ್ನು ಬೈಯುತ್ತಾರೆ.

ಸೈಡ್‌ಕಟ್ ಎಂದರೆ ಪಕ್ಕದ ಒಳಬಾಗು ಯಾವ ವೃತ್ತದ ತುಂಡೋ ಆ ವೃತ್ತದ ತ್ರಿಜ್ಯ. ನಿಜವಾದ ತಿರುವು ಅದಕ್ಕಿಂತ ಚಿಕ್ಕದು, ಯಾಕೆಂದರೆ ಓರೆ ಮಾಡಿದಷ್ಟೂ ಬೋರ್ಡು ಇನ್ನೂ ಬಾಗುತ್ತದೆ. 8 ಮೀಟರ್ ಸೈಡ್‌ಕಟ್ಟಿನ ಬೋರ್ಡನ್ನು 45 ಡಿಗ್ರಿ ಓರೆ ಮಾಡಿದರೆ ತಿರುವಿನ ತ್ರಿಜ್ಯ ಸುಮಾರು 5.7 ಮೀಟರ್, 60 ಡಿಗ್ರಿಗೆ 4 ಮೀಟರ್. ದೇವರಾಯನದುರ್ಗದ ತಿರುವಿನಲ್ಲಿ ಬೈಕನ್ನು ಮಲಗಿಸಿ ತಿರುಗಿಸಿದವರಿಗೆ ಇದು ಮೈಗೇ ಗೊತ್ತಿರುತ್ತದೆ. 7 ಮೀಟರಿಗಿಂತ ಕಡಿಮೆಯಿದ್ದರೆ ವೇಗ ಹೆಚ್ಚಾದಾಗ ಬೋರ್ಡು ತಾನಾಗಿ ತಿರುಗಲು ಎಳೆಯುತ್ತದೆ, ಪುಡಿಯಲ್ಲಂತೂ ಕಿರಿಕಿರಿ. 9 ದಾಟಿದರೆ ಅಗಲವಾದ ಇಳಿಜಾರು ಬೇಕು, ಗುಲ್ಮಾರ್ಗ್‌ನ ಮರಗಳ ನಡುವೆ ಅಷ್ಟು ಜಾಗ ಸಿಗುವುದಿಲ್ಲ. 7.5ರಿಂದ 8.5ರ ಒಳಗೆ ಇರಲಿ.

ಸೊಂಟದ ಅಗಲ: ಹೆಚ್ಚಿನವರು ಎಡವುವುದು ಇಲ್ಲಿ

ಬೋರ್ಡಿನ ನಡುವಿನ ಅತಿ ಕಿರಿದಾದ ಜಾಗವೇ ಸೊಂಟ. ಉದ್ದದ ಬಗ್ಗೆ ದಿನಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಇದನ್ನು ನೋಡುವುದೇ ಇಲ್ಲ. ಅಂಚು ಕಚ್ಚಿಸಿ ಗೆರೆ ಎಳೆದಂತೆ ತಿರುಗುವಾಗ, ಅಂದರೆ ಕಾರ್ವಿಂಗ್ ಮಾಡುವಾಗ, ಬೂಟಿನ ತುದಿ ಬೋರ್ಡಿನಿಂದ ಹೊರಗೆ ಚಾಚಿದ್ದರೆ ಅದು ಹಿಮಕ್ಕೆ ತಾಗಿ, ಅಂಚನ್ನು ಮೇಲಕ್ಕೆ ಎತ್ತಿಬಿಡುತ್ತದೆ. ಬೀಳುವುದು ಅಷ್ಟು ದಿಢೀರನೆ ಇರುತ್ತದೆ, ಏನಾಯಿತೆಂದು ಗೊತ್ತಾಗುವಷ್ಟರಲ್ಲಿ ಭುಜ ನೆಲದಲ್ಲಿರುತ್ತದೆ.

ಮನೆಯಲ್ಲೇ ಅಳೆಯಿರಿ. ಹಿಮ್ಮಡಿ ಗೋಡೆಗೆ ತಾಗಿಸಿ ಬರಿಗಾಲಲ್ಲಿ ನಿಂತು, ಹೆಬ್ಬೆರಳಿನ ತುದಿ ತನಕ ಸ್ಕೇಲಿನಲ್ಲಿ ನೋಡಿ. ಸ್ನೋಬೋರ್ಡ್ ಬೂಟಿನ ಅಳತೆ ಇದೇ ಸೆಂಟಿಮೀಟರಿನಲ್ಲಿ ಇರುತ್ತದೆ. ಪಾದ 26.5 ಸೆಂಮೀ ಇದ್ದವರ ಬೂಟು ಹೊರಗಿನಿಂದ ಸುಮಾರು 29.5 ಸೆಂಮೀ. 252 ಮಿಮೀ ಸೊಂಟದ ಬೋರ್ಡು ಕಾಲಿಡುವ ಜಾಗದಲ್ಲಿ ಸುಮಾರು 262 ಮಿಮೀ ಇರುತ್ತದೆ. ಬೂಟನ್ನು 15 ಡಿಗ್ರಿ ತಿರುಗಿಸಿ ಇಟ್ಟರೆ ಅಡ್ಡಕ್ಕೆ ಬರುವುದು 28.5 ಸೆಂಮೀ. ಒಂದೊಂದು ಕಡೆ ಒಂದು ಸೆಂಟಿಮೀಟರಿಗಿಂತ ಚೂರು ಹೆಚ್ಚು ಚಾಚಿತು, ತೊಂದರೆಯಿಲ್ಲ. ಅದೇ ಬೋರ್ಡಿನ ಮೇಲೆ 29 ಸೆಂಮೀ ಪಾದದವರು ನಿಂತರೆ ಒಂದೊಂದು ಕಡೆ 2.3 ಸೆಂಮೀ ಚಾಚುತ್ತದೆ. ಬೂಟಿನ ತಳ ಅಂಚಿನಿಂದ ಎರಡೂವರೆ ಮೂರು ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಹಾಗಾಗಿ 50 ಡಿಗ್ರಿ ಓರೆಯ ಹತ್ತಿರ ಬರುವಷ್ಟರಲ್ಲಿ ಬೂಟು ತಾಗುತ್ತದೆ. ಅವರಿಗೆ 260 ಮಿಮೀ ಮೇಲಿನ ಸೊಂಟವೇ ಬೇಕು.

ಉಲ್ಟಾ ತಪ್ಪೂ ಇದೆ. ಅಗಲವಾದರೆ ಚೆನ್ನಾಗಿ ತೇಲುತ್ತದೆ ಎಂದು 25 ಸೆಂಮೀ ಪಾದದವರು 265 ಮಿಮೀ ಬೋರ್ಡು ತರುತ್ತಾರೆ. ತೇಲುವುದೇನೋ ತೇಲುತ್ತದೆ. ಆದರೆ ಗಟ್ಟಿಹಿಮದಲ್ಲಿ ಕಾಲ್ಬೆರಳ ಒತ್ತಡ ಅಂಚಿನ ತನಕ ತಲುಪುವುದಿಲ್ಲ. ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಿಸಲು ಬಾಗಿಲು ತಳ್ಳಿದಷ್ಟು ಕಷ್ಟ, ಸಂಜೆಗೆ ಮೀನಖಂಡ ಹಿಡಿದುಕೊಳ್ಳುತ್ತದೆ. ಪಾದ 24 ಸೆಂಮೀ ಸುತ್ತಮುತ್ತ ಇರುವ ಹೆಣ್ಣುಮಕ್ಕಳಿಗೆ 240ರಿಂದ 246 ಮಿಮೀ ಸೊಂಟ ಸರಿಹೋಗುತ್ತದೆ.

ಉದ್ದ, ಬಿಗಿ

ಬೋರ್ಡು ಗದ್ದಕ್ಕೆ ಬರಬೇಕು, ಮೂಗಿಗೆ ಬರಬೇಕು ಎಂಬ ಮಾತನ್ನು ಮರೆಯಿರಿ. ಬೋರ್ಡಿಗೆ ಗೊತ್ತಾಗುವುದು ನಿಮ್ಮ ತೂಕ. ಅದೂ ಮನೆಯ ತೂಕವಲ್ಲ, ಜಾಕೆಟ್ಟು, ಬೂಟು, ಬೆನ್ನಿನ ಚೀಲ ಸೇರಿ ಆರೇಳು ಕೆಜಿ ಹೆಚ್ಚು. ಕಂಪನಿಯ ಪಟ್ಟಿಯಲ್ಲಿ ಪ್ರತಿ ಉದ್ದಕ್ಕೂ ಇಂತಿಷ್ಟು ತೂಕ ಎಂದಿರುತ್ತದೆ, ಅದರ ನಡುಭಾಗದಲ್ಲಿ ನೀವು ಬರಬೇಕು. ಮಾಮೂಲಿ ಆಕಾರದ ಬೋರ್ಡಿಗೆ ಅಂದಾಜು ಹೀಗಿದೆ: ಮೈತೂಕ 55–65 ಕೆಜಿ ಇದ್ದರೆ 150–154 ಸೆಂಮೀ, 65–75ಕ್ಕೆ 154–158, 75–85ಕ್ಕೆ 157–161, ಅದಕ್ಕೂ ಮೇಲೆ 160ರಿಂದ ಮುಂದೆ. ಎರಡು ಅಳತೆಯ ನಡುವೆ ಸಿಕ್ಕಿಕೊಂಡವರು ಉದ್ದದ್ದನ್ನೇ ತೆಗೆದುಕೊಳ್ಳಲಿ, ಪುಡಿಗೂ ಕಾರ್ವಿಂಗಿಗೂ ಅದು ಅನುಕೂಲ.

ಬೋರ್ಡು ಎಷ್ಟು ಸುಲಭಕ್ಕೆ ಬಾಗುವುದಿಲ್ಲ ಎಂಬ ಬಿಗಿಯನ್ನು ಕಂಪನಿಗಳು ಹತ್ತಕ್ಕೆ ಇಷ್ಟು ಎಂದು ಹೇಳುತ್ತವೆ. ಒಬ್ಬರ 6 ಇನ್ನೊಬ್ಬರ 8 ಇರಬಹುದು, ಯಾರೂ ಒಂದೇ ಮಾಪನ ಇಟ್ಟುಕೊಂಡಿಲ್ಲ. 6ರ ಆಸುಪಾಸು ಹುಡುಕಿ. 8, 9 ಎಂದರೆ ಕಾಲಿನ ಶಕ್ತಿಯೂ ವೇಗವೂ ಇದ್ದವರಿಗೆ. ಇನ್ನೂ ಎಡಬಲ ತಿರುವು ಜೋಡಿಸಲು ಕಷ್ಟಪಡುವವರು ಕೊಳ್ಳುವುದೇ ಬೇಡ, ಮತ್ತೊಂದು ಚಳಿಗಾಲ ಬಾಡಿಗೆಯದ್ದರಲ್ಲೇ ಕಳೆಯಲಿ.

ನಾಲ್ಕು ಜಾತಿ

ಎರಡೂ ಕಡೆ ಒಂದೇ ಆಕಾರದ ಟ್ವಿನ್ ಬೋರ್ಡು ಹಾರಲೆಂದೇ ಹಿಮದ ದಿಬ್ಬ ಕಟ್ಟಿದ ಪಾರ್ಕಿನಲ್ಲಿ ಹಾರುವವರಿಗೆ, ಹಿಂದುಮುಂದಾಗಿ ಜಾರುವವರಿಗೆ. ಈ ಕೆಲಸಕ್ಕೆ ಅದು ಬೇಡ.

ಡೈರೆಕ್ಷನಲ್ ಟ್ವಿನ್ ಅಥವಾ ಅದಕ್ಕೆ ಹತ್ತಿರದ ಬೋರ್ಡುಗಳಲ್ಲಿ ಮೂತಿ ಸ್ವಲ್ಪ ಉದ್ದ ಇರುತ್ತದೆ ಅಷ್ಟೇ. ಬರ್ಟನ್ ಕಸ್ಟಮ್, ಕ್ಯಾಪಿಟಾ ಮರ್ಕ್ಯುರಿ ಈ ಗುಂಪಿನವು. ಗಟ್ಟಿಹಿಮದಲ್ಲಿ ನಂಬಿಕಸ್ತ. ಮೊಣಕಾಲಿಗಿಂತ ಆಳದ ಪುಡಿಯಲ್ಲಿ ಹಿಂಗಾಲು ದುಡಿಯಬೇಕಾಗುತ್ತದೆ. ಕಸ್ಟಮ್ ಪೂರ್ತಿ ಕ್ಯಾಂಬರಿನಲ್ಲೂ ಬರುತ್ತದೆ, ಫ್ಲೈಯಿಂಗ್ ವಿ ಎಂಬ ರಾಕರ್ ಮಿಶ್ರಿತ ಬಾಗಿನಲ್ಲೂ ಬರುತ್ತದೆ. ಹೆಸರು ಒಂದೇ ಆದರೂ ನಡತೆ ಬೇರೆ ಬೇರೆ, ಆರ್ಡರ್ ಮಾಡುವಾಗ ಕಣ್ಣಿಟ್ಟು ನೋಡಿ.

ಮೂರನೆಯದು ಯಂತ್ರ ಒತ್ತದ ಸಹಜ ಇಳಿಜಾರಿಗೆಂದು ಮಾಡಿದ, ಟೇಪರ್ ಇರುವ ಫ್ರೀರೈಡ್ ಬೋರ್ಡು: ಎದ್ದ ಮೂತಿ, ಕಾಲಡಿ ಕ್ಯಾಂಬರ್, ಬಿಗಿ ಬಾಲ. ಜೋನ್ಸ್ ಫ್ಲ್ಯಾಗ್‌ಶಿಪ್, ಬರ್ಟನ್ ಫ್ಲೈಟ್ ಅಟೆಂಡೆಂಟ್ ಇಂಥವು. ಪುಡಿ, ಗಾಳಿ ಹೆರೆದ ಗಟ್ಟಿ, ಒತ್ತಿದ ಇಳಿಜಾರು ಮೂರೂ ಒಂದೇ ಇಳಿತದಲ್ಲಿ ಬರುವ ಅಫರ್ವತ್‌ಗೆ ಹೇಳಿ ಮಾಡಿಸಿದ ಜಾತಿ ಇದು. ಫ್ಲ್ಯಾಗ್‌ಶಿಪ್ ಬಿಗಿಯಾದ ಬೋರ್ಡು, ನಿಧಾನಕ್ಕೆ ಜಾರುವವರಿಗೆ ಒಲಿಯುವುದಿಲ್ಲ.

ನಾಲ್ಕನೆಯದು ಗಿಡ್ಡ ಮತ್ತು ಅಗಲ: ರೈಡ್ ವಾರ್‌ಪಿಗ್, ಲಿಬ್ ಟೆಕ್ ಓರ್ಕಾ. ನಿಮ್ಮ ಮಾಮೂಲಿ ಉದ್ದಕ್ಕಿಂತ 3ರಿಂದ 8 ಸೆಂಮೀ ಕಡಿಮೆ ತೆಗೆದುಕೊಳ್ಳಬೇಕು, ಅಗಲ ಆ ಕೊರತೆ ತುಂಬುತ್ತದೆ. ಮರಗಳ ನಡುವೆ ಚುರುಕು, ಪುಡಿಯಲ್ಲಿ ತೇಲುತ್ತದೆ, ದೊಡ್ಡ ಪಾದದವರ ಬೂಟು ತಾಗುವುದಿಲ್ಲ. ಅಂಚು ಗಿಡ್ಡವಾದ್ದರಿಂದ ಗಟ್ಟಿಹಿಮದ ಮೇಲೆ ವೇಗ ಹೆಚ್ಚಿದಾಗ ಅದುರುತ್ತದೆ. ಪಾದ 28 ಸೆಂಮೀ ದಾಟಿದವರು ಮೊದಲು ಇದನ್ನೇ ನೋಡಲಿ. 26ರ ಒಳಗಿನವರು ಮೂರನೆಯದಕ್ಕೇ ಹೋಗಲಿ. ಉತ್ತರಾಖಂಡದ ಔಲಿಯ ಒತ್ತಿದ ಇಳಿಜಾರಿಗೇ ಹೆಚ್ಚು ಹೋಗುವವರಾದರೆ ಎರಡನೆಯ ಜಾತಿಯೇ ಸಾಕು, ಮೂರನೆಯದಕ್ಕೆ ದುಡ್ಡು ಸುರಿಯಬೇಕಿಲ್ಲ.

ಬೈಂಡಿಂಗ್, ಸಾಗಣೆ

ಬೋರ್ಡಿನ ತೂತು ಮತ್ತು ಬೈಂಡಿಂಗಿನ ತಟ್ಟೆ ಹೊಂದುತ್ತವೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಹೆಚ್ಚಿನ ಕಂಪನಿಗಳದು ನಾಲ್ಕು ಸ್ಕ್ರೂ. ಬರ್ಟನ್ನಿನದು ಬೋರ್ಡಿನ ಉದ್ದಕ್ಕೆ ಕೊರೆದ ಸಣ್ಣ ಕಾಲುವೆ, ಅದಕ್ಕೆ ಹೊಂದುವ ತಟ್ಟೆಯೇ ಬೇಕು. ಕೋನಕ್ಕೆ ಮುಂಗಾಲು +18ರಿಂದ +21, ಹಿಂಗಾಲು 0ಯಿಂದ +6 ಇಟ್ಟು ಶುರುಮಾಡಿ (+ ಎಂದರೆ ಪಾದ ಮೂತಿಯ ಕಡೆಗೆ ತಿರುಗಿದ ಡಿಗ್ರಿ). ಬಾತುಕೋಳಿಯಂತೆ ಎರಡೂ ಪಾದ ಹೊರಕ್ಕೆ ತಿರುಗಿಸಿ ನಿಂತರೆ ಹಿಮ್ಮಡಿ ಕಡೆಯ ಕಾರ್ವಿಂಗಿನಲ್ಲಿ ನಿಮ್ಮ ಸೊಂಟ ತಿರುಗುವುದಿಲ್ಲ.

ಬೋರ್ಡು 3 ಕೆಜಿ, ಬೈಂಡಿಂಗ್ 2, ಬೂಟು 2, ಚೀಲ 2 ಸೇರಿ ಒಂಬತ್ತು. ದೇಶದೊಳಗಿನ ಮಾಮೂಲಿ ಟಿಕೆಟ್ಟಿಗೆ ಸಿಗುವುದು 15 ಕೆಜಿ, ಅಂದರೆ ಕೋಲಾರದ ಮಂಡಿಯ ಒಂದು ಟೊಮೆಟೊ ಬಾಕ್ಸಿನಷ್ಟು. ಬಟ್ಟೆಗೆ ಉಳಿಯುವುದು ಆರೇ ಕೆಜಿ. ಬೂಟನ್ನು ಕೈಚೀಲದಲ್ಲಿ ಒಯ್ಯಿರಿ, ಬೋರ್ಡು ತಡವಾಗಿ ಬಂದರೂ ಬಾಡಿಗೆಯದ್ದರಲ್ಲಿ ದಿನ ಕಳೆಯಬಹುದು. ಕಾಲಿಗೆ ಹೊಂದದ ಬಾಡಿಗೆ ಬೂಟಿನಲ್ಲಿ ಕಳೆಯಲಾಗದು. ಹಗ್ಗ ಕಟ್ಟಿದ ಗಡಿಯಾಚೆ ಇಳಿಯುವವರಿಗೆ ಬೀಕನ್ (ಹಿಮದಡಿ ಹೂತವರನ್ನು ಹುಡುಕುವ ರೇಡಿಯೋ ಸಾಧನ), ಸಲಿಕೆ, ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು) ಮೂರೂ ಕಡ್ಡಾಯ, ಬಳಸಲು ಬರಲೂಬೇಕು. 2010ರ ಫೆಬ್ರವರಿಯಲ್ಲಿ ಖಿಲನ್‌ಮಾರ್ಗ್‌ನ ಹಿಮಕುಸಿತದಲ್ಲಿ ತರಬೇತಿಯಲ್ಲಿದ್ದ 17 ಸೈನಿಕರು ಸತ್ತರು. ಅದೂ ಇದೇ ಬೆಟ್ಟದ ಮಗ್ಗುಲಿನ ಜಾಗ.

ವರ್ಷದ ಉಳಿದ ಹನ್ನೊಂದು ತಿಂಗಳು

ನಮ್ಮೂರಿನಲ್ಲಿ ಬೋರ್ಡು ಹಾಳಾಗುವುದು ಹಿಮದಿಂದಲ್ಲ, ಅಟ್ಟದಿಂದ. ಶೀಟಿನ ಮನೆಯ ಅಟ್ಟದಲ್ಲಿ ಏಪ್ರಿಲ್ ತಿಂಗಳ ಕಾವಿಗೆ ತಳ ಒಣಗಿ ಬೆಳ್ಳಗಾಗುತ್ತದೆ, ಮಳೆಗಾಲದಲ್ಲಿ ಅಂಚಿಗೆ ತುಕ್ಕು ಹಿಡಿಯುತ್ತದೆ. ಮಂಚದ ಕೆಳಗೆ, ಬೈಂಡಿಂಗ್ ಬಿಚ್ಚಿ, ತಳ ಮೇಲೆ ಮಾಡಿ ಇಡಿ. ಇಡುವ ಮೊದಲು ಮೇಣ ಹಾಕಿ. ತೂತಿಲ್ಲದ ಹಳೆಯ ಇಸ್ತ್ರಿ ಪೆಟ್ಟಿಗೆ ಸಾಕು, ಆದರೆ ಅದನ್ನು ಮತ್ತೆ ಬಟ್ಟೆಗೆ ಬಳಸುವಂತಿಲ್ಲ. ಎಲ್ಲ ಹಿಮಕ್ಕೂ ಆಗುವ ಮೇಣಕ್ಕೆ 120ರಿಂದ 130 ಡಿಗ್ರಿ ಬೇಕು. ಹೊಗೆ ಬಂದರೆ ಕಾವು ಹೆಚ್ಚಾಯಿತು, ಕೂಡಲೇ ತಗ್ಗಿಸಿ. ಪೆಟ್ಟಿಗೆಯನ್ನು ಒಂದೇ ಕಡೆ ನಿಲ್ಲಿಸಬೇಡಿ, ತಳದ ಸಣ್ಣ ರಂಧ್ರಗಳು ಕರಗಿ ಮುಚ್ಚಿಕೊಂಡರೆ ಮೇಣ ಮತ್ತೆಂದೂ ಒಳಗಿಳಿಯುವುದಿಲ್ಲ. ಬೋರ್ಡಿನ ಮೇಲ್ಮೈ ಮುಟ್ಟಿದರೆ ಉಗುರುಬೆಚ್ಚಗಿರಬೇಕು, ಅಷ್ಟೇ. ಈ ಮೇಣವನ್ನು ಈಗಲೇ ಹೆರೆಯಬೇಡಿ, ಅಂಚಿನ ಮೇಲೂ ಹರಿಯುವಂತೆ ದಪ್ಪಗೆ ಬಿಟ್ಟು, ಜನವರಿಯಲ್ಲಿ ಹೊರಡುವ ವಾರ ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆದು ತೆಗೆಯಿರಿ.

ಅಂಚಿಗೆ ಹದ ಹಿಡಿಸಲು ಕುಡುಗೋಲು ಸಾಣೆ ಹಿಡಿಯುವವನ ಹತ್ತಿರ ಕೊಡಬೇಡಿ. ತಿರುಗುವ ಕಲ್ಲಿನ ಕಾವಿಗೆ ತೆಳು ಉಕ್ಕಿನ ಹದ ಹೋಗುತ್ತದೆ, ಕೋನವೂ ಕೆಡುತ್ತದೆ. ಕೋನ ಹಿಡಿದಿಡುವ ಚೌಕಟ್ಟಿನಲ್ಲಿ ಅರವನ್ನು ಸಿಕ್ಕಿಸಿ ಪಕ್ಕದ ಅಂಚನ್ನು 88 ಅಥವಾ 89 ಡಿಗ್ರಿಗೆ, ಮೂತಿಯಿಂದ ಬಾಲಕ್ಕೆ ಒಂದೇ ದಿಕ್ಕಿನಲ್ಲಿ ನಾಲ್ಕೈದು ಸಲ ಎಳೆದರೆ ಸಾಕು. ದಿನಪತ್ರಿಕೆಯ ಪರೀಕ್ಷೆಯಲ್ಲಿ ಹಾಕಿದ ಗುರುತುಗಳಿಂದ ತುದಿಯ ಕಡೆಗಿರುವ ಅಂಚನ್ನು ಮಾತ್ರ ಸ್ವಲ್ಪ ಮೊಂಡು ಮಾಡಿ. ಅದು ಚೂಪಾಗಿದ್ದರೆ ಪುಡಿಯಿಂದ ಗಟ್ಟಿಗೆ ಬರುವ ಗಳಿಗೆಯಲ್ಲಿ ಮೂತಿ ಫಕ್ಕನೆ ಸಿಕ್ಕಿಕೊಳ್ಳುತ್ತದೆ. ಬೈಂಡಿಂಗ್ ಸ್ಕ್ರೂಗಳನ್ನು ಮನೆಯಲ್ಲಿ ಎಷ್ಟೇ ಬಿಗಿ ಮಾಡಿದ್ದರೂ ಮೊದಲ ಎರಡು ಇಳಿತ ಆದ ಮೇಲೆ ಒಂದು ಸುತ್ತು ನೋಡಿ, ಚಳಿಗೆ ಸಡಿಲವಾಗಿರುತ್ತವೆ. ಪೋಸಿಡ್ರೈವ್ 3ನೇ ನಂಬರಿನ ಸ್ಕ್ರೂಡ್ರೈವರ್ ಜೇಬಿನಲ್ಲಿರಲಿ. ಮನೆಯ ಮಾಮೂಲಿ ಪ್ಲಸ್ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದು, ಆಮೇಲೆ ಬಿಚ್ಚಲೂ ಆಗುವುದಿಲ್ಲ.